ನಳದಿಂದ ಬಾಯಿಯವರೆಗೆ

"ಡ್ಯಾಮಿನ ಬುಡದಾಗ ಮನಿ ಮಾಡೀವಿ, ಆದ್ರೂ ಬ್ಯಾರಲ್ ತುಂಬಿಡೂದು ತಪ್ಪಲಿಲ್ಲ ನೋಡ ತಂಗಿ" ಎನ್ನುವುದು ಪಕ್ಕದ ಮನೆಯ ದೊಡ್ಡಕ್ಕನ ನಿತ್ಯದ ಮಾತು. ಮುನಿರಾಬಾದಿನ ಯಾವ ಓಣಿಗೆ ಹೋದರೂ ಈ ಮಾತು ಕಿವಿಗೆ ಬೀಳುತ್ತದೆ. 1945ರ ಫೆಬ್ರುವರಿ 28ರಂದು ಹೊಳೆಯ ಆಚೆ ದಂಡೆಯಲ್ಲಿ ಮದ್ರಾಸಿನ ಗವರ್ನರು, ಈಚೆ ನಮ್ಮ ದಂಡೆಯಲ್ಲಿ ಹೈದರಾಬಾದ್ ಸಂಸ್ಥಾನದ ಪರವಾಗಿ ಬೇರಾರಿನ ಯುವರಾಜರು ಅಡಿಗಲ್ಲು ಹಾಕಿದ ತುಂಗಭದ್ರಾ ಆಣೆಕಟ್ಟು ಇದು. ಮೂವತ್ಮೂರು ಗೇಟು, ಹೂಳು ತುಂಬಿದ ಮೇಲೂ 105 ಟಿಎಂಸಿ ನೀರು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಸರಪಳಿ ಕಡಿದು ಗೇಟೇ ಕೊಚ್ಚಿಹೋದಾಗ, ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ತಡೆ ಇಳಿಸಿ ನೀರು ನಿಲ್ಲಿಸುವತನಕ, ನಮ್ಮೂರ ಚಹಾದಂಗಡಿಗಳಲ್ಲಿ ಕ್ಯೂಸೆಕ್ ಎಷ್ಟು, ಟಿಎಂಸಿ ಎಷ್ಟು ಎಂಬುದನ್ನು ಬಿಟ್ಟು ಬೇರೆ ಮಾತೇ ಇರಲಿಲ್ಲ. ಓದು ಬರಹ ಇಲ್ಲದವರೂ ಒಳಹರಿವು, ಹೊರಹರಿವು ಎಂದು ಬಾಯಿಪಾಠ ಹೇಳುತ್ತಿದ್ದರು.

ಅಷ್ಟು ದೊಡ್ಡ ನೀರಿನ ಲೆಕ್ಕ ಇಡಬಲ್ಲ ಜನ ಅಡುಗೆಮನೆಯ ಕೊಡದ ನೀರನ್ನೂ ಅದೇ ಕಾಳಜಿಯಿಂದ ನೋಡಬೇಕು ಎಂಬುದು ನನ್ನ ಹಟ. ಗೋಡೆಯಾಚೆ ದೊಡ್ಡಕ್ಕ, ಈಚೆ ನಾನು ನಿಂತು ಹರಟುವಾಗೆಲ್ಲ ಮಾತು ಎಲ್ಲೆಲ್ಲೋ ತಿರುಗಿ ಕೊನೆಗೆ ಇಲ್ಲಿಗೇ ಬರುತ್ತದೆ. ಆರೋಗ್ಯ ಎಂದಕೂಡಲೇ ಟಿವಿಯವರು ಯೋಗ, ಕಷಾಯ ಎಂದು ಶುರುಮಾಡುತ್ತಾರೆ. ಅವೂ ಇರಲಿ. ಆದರೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆ ಜನರನ್ನು ಹಾಸಿಗೆ ಹಿಡಿಸುವ ಕಾಯಿಲೆಗಳ ಬೆನ್ನುಹತ್ತಿ ಹೋದರೆ ಎಷ್ಟೋ ಸಲ ನೀರಿನ ಹತ್ತಿರವೇ ಹೋಗಿ ನಿಲ್ಲುತ್ತೇವೆ. ಎಲ್ಲೋ ನಿಂತ ನೀರು, ಯಾರೋ ಕೈ ಅದ್ದಿದ ನೀರು, ಬೋರಿನ ನೀರು, ಕೊನೆಗೆ ಕುಡಿಯದೇ ಬಿಟ್ಟ ನೀರು.

ಮೊನ್ನೆ ಓಣಿಯಲ್ಲಿ ಒಬ್ಬರಿಗೆ ಡೆಂಗಿ ಎಂದು ಗೊತ್ತಾದಾಗ ದೊಡ್ಡಕ್ಕ ಗಟಾರದ ಮೇಲೆ ಹರಿಹಾಯ್ದಳು.

"ಪಂಚಾಯ್ತಿಯವ್ರು ಗಟಾರ ಬಳಿಸಂಗಿಲ್ಲ, ಪುಡಿ ಹೊಡ್ಯಂಗಿಲ್ಲ. ಸೊಳ್ಳಿ ಆಗದ ಏನಾಕ್ಕಾವು?"

"ಗಟಾರ ಬಳಿಸಬೇಕ್ರೀ ಯಕ್ಕಾ, ಅದು ಖರೇನ. ಆದ್ರ ಡೆಂಗಿ ಸೊಳ್ಳಿ ಗಟಾರದಾಗ ಹುಟ್ಟೂದಲ್ಲ. ಅದಕ್ಕ ನಿಮ್ಮ ಬ್ಯಾರಲ್ಲಿನ ತಿಳಿನೀರ ಬೇಕು."

ಆಕೆ ನಂಬಲಿಲ್ಲ. ಆಕೆಯ ಬ್ಯಾರಲ್ ಎಂದರೆ ಓಣಿಗೆಲ್ಲ ಹೆಸರುವಾಸಿ. ಕನ್ನಡಿಯಂಥ ನೀರು, ಮೇಲೆ ಪ್ಲಾಸ್ಟಿಕ್ ತಾಟು ಮುಚ್ಚಿಟ್ಟಿರುತ್ತಾಳೆ. ತಾಟು ಬ್ಯಾರಲ್ಲಿನ ಬಾಯಿಗಿಂತ ತುಸು ಸಣ್ಣದು, ಒಂದು ಕಡೆ ಎರಡು ಬೆರಳು ಹೋಗುವಷ್ಟು ಸಂದು. ಮೊಬೈಲಿನ ಬ್ಯಾಟರಿ ಹಚ್ಚಿ ಒಳಗೆ ಬೆಳಕು ಬಿಟ್ಟೆವು. ಮೊದಲು ಏನೂ ಕಾಣಲಿಲ್ಲ. ಬ್ಯಾರಲ್ಲಿಗೆ ಬೆರಳಿನಿಂದ ಒಂದು ಏಟು ಕೊಟ್ಟಾಗ ನೀರಿನ ಮೇಲ್ಮೈಯಲ್ಲಿ ತಲೆಕೆಳಗಾಗಿ ಜೋತುಬಿದ್ದಿದ್ದ ಕೂದಲೆಳೆಯಂಥ ಹುಳುಗಳು ಸರಸರ ಮೈ ಬಳುಕಿಸುತ್ತ ತಳಕ್ಕೆ ಇಳಿದವು. ಸ್ವಲ್ಪ ಹೊತ್ತಿಗೆ ಉಸಿರಾಡಲು ಒಂದೊಂದಾಗಿ ಮೇಲೆ ಬಂದವು. ದೊಡ್ಡಕ್ಕ ಮಾತಾಡಲಿಲ್ಲ, ಬ್ಯಾರಲ್ ಹಿಡಿದು ಬಗ್ಗಿಸಿದಳು. ಆ ನೀರನ್ನು ಗಟಾರಕ್ಕಲ್ಲ, ಕಾದ ನೆಲಕ್ಕೆ ಚೆಲ್ಲಿದೆವು, ಹುಳು ಅಲ್ಲೇ ಒಣಗಲಿ ಎಂದು.

ಈಡಿಸ್ ಎಂಬ ಈ ಸೊಳ್ಳೆಯ ಕಾಲ ಮೇಲೆ ಬಿಳಿ ಪಟ್ಟೆ. ಕಚ್ಚುವುದು ಹಗಲು ಹೊತ್ತಿನಲ್ಲಿ, ಅದರಲ್ಲೂ ಬೆಳಗಿನ ಕೆಲಸದ ವೇಳೆಯಲ್ಲಿ ಮತ್ತು ಸಂಜೆ ಹೊತ್ತು ಮುಳುಗುವ ಮುಂಚೆ. ಆದ್ದರಿಂದ ರಾತ್ರಿ ಸೊಳ್ಳೆಪರದೆ ಕಟ್ಟಿ ಮಲಗಿದರಷ್ಟೇ ಸಾಲದು. ತೊಟ್ಟಿಲಲ್ಲಿ ಹಗಲು ಮಲಗುವ ಕೂಸಿಗೂ ಪರದೆ ಬೇಕು. ಮೊಟ್ಟೆಯಿಂದ ರೆಕ್ಕೆ ಬರುವತನಕ ನಮ್ಮ ಬಿಸಿಲಿಗೆ ವಾರ, ಹತ್ತು ದಿನ ಸಾಕು. ವಾರಕ್ಕೊಮ್ಮೆ ಬ್ಯಾರಲ್, ಹಂಡೆ, ದನದ ಬಾನಿ, ಕೂಲರಿನ ತಳ, ಫ್ರಿಜ್ಜಿನ ಹಿಂದಿನ ತಟ್ಟೆ ಎಲ್ಲ ಬರಿದು ಮಾಡಬೇಕೆನ್ನುವುದು ಇದೇ ಲೆಕ್ಕದಲ್ಲಿ. ಬರೀ ನೀರು ಚೆಲ್ಲಿದರೆ ಅರ್ಧ ಕೆಲಸ ಮಾತ್ರ. ಮೊಟ್ಟೆಗಳು ನೀರಿನ ಅಂಚಿಗೆ, ಒಳಗೋಡೆಗೆ ಅಂಟಿಕೊಂಡಿರುತ್ತವೆ. ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದುಕೊಂಡು, ಮತ್ತೆ ನೀರು ತಾಗಿದಾಗ ಒಡೆಯುತ್ತವೆ. ತೆಂಗಿನ ನಾರಿನಿಂದ ಒಳಮೈಯನ್ನು ಗಸಗಸ ತಿಕ್ಕಿ, ಬಿಸಿಲಿಗೆ ಬೋರಲು ಹಾಕಿ, ಒಣಗಿದ ಮೇಲೆ ತುಂಬಬೇಕು. ಬಾಯಿಗೆ ಹಳೆ ಧೋತರದ ಬಟ್ಟೆಯನ್ನು ಬಿಗಿಯಾಗಿ ಕಟ್ಟಿದರೆ ತಾಟಿಗಿಂತ ಎಷ್ಟೋ ಮೇಲು.

ಇನ್ನೊಂದು ಮಾತು ಗೋಡೆಯ ಎರಡೂ ಕಡೆಯವರು ತಿಳಿಯಬೇಕಾದ್ದು. ಈ ಸೊಳ್ಳೆ ದೂರ ಹಾರುವುದಿಲ್ಲ. ಹುಟ್ಟಿದ ಕಡೆಯಿಂದ ಕೆಲವು ನೂರು ಮೀಟರ್ ಒಳಗೇ ಅದರ ಸಂಸಾರ. ಅಂದರೆ ನನ್ನ ಮಗುವಿಗೆ ಕಚ್ಚಿದ ಸೊಳ್ಳೆ ಒಂದೋ ನನ್ನ ಮನೆಯದು, ಇಲ್ಲವೇ ಆಸುಪಾಸಿನ ಮನೆಯದು. ನಾನೊಬ್ಬಳೇ ತೊಳೆದು ಕೂತರೆ ಏನೂ ಆಗದು. 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಸಾರಿ, ಸೊಳ್ಳೆ ಬೆಳೆಯಲು ಬಿಟ್ಟ ಮನೆಗೆ ಪಟ್ಟಣದಲ್ಲಿ 400, ಹಳ್ಳಿಯಲ್ಲಿ 200 ರೂಪಾಯಿ ದಂಡ ಗೊತ್ತು ಮಾಡಿತು. ದಂಡಕ್ಕಿಂತ ಆಶಾ ಕಾರ್ಯಕರ್ತೆ ಬಂದಾಗ ಹಿತ್ತಲ ಬಾಗಿಲು ತೆಗೆದು, ಬಾರವ್ವ ನೋಡು ಅನ್ನುವುದು ಹೆಚ್ಚು ಫಲ ಕೊಡುತ್ತದೆ. ಬಿಸಿಲಲ್ಲಿ ಮನೆಮನೆ ತಿರುಗುವ ಆಕೆಯನ್ನು ಹೊಸ್ತಿಲಿನಿಂದಲೇ ಕಳಿಸುವುದು ನನಗೆ ಸೇರುವುದಿಲ್ಲ.

ಸೊಳ್ಳೆಗೂ ನಮ್ಮ ಸೀಮೆಗೂ ಹಳೆಯ ನಂಟು. 1897ರ ಆಗಸ್ಟ್ 20ರಂದು ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಜೀವಿಯನ್ನು ಕಂಡದ್ದು ಸಿಕಂದರಾಬಾದಿನಲ್ಲಿ. ಆಗ ಕೊಪ್ಪಳವೂ ಅದೇ ನಿಜಾಮರ ಸೀಮೆಗೆ ಸೇರಿತ್ತು. ಮಲೇರಿಯಾ ಸೊಳ್ಳೆಯ ರೀತಿ ಬೇರೆ, ಅದು ಕಾಲುವೆಯ ಬಸಿನೀರು, ಗದ್ದೆಯ ಅಂಚಿನಲ್ಲಿ ಹುಟ್ಟಿ ರಾತ್ರಿ ಕಚ್ಚುತ್ತದೆ. ಗದ್ದೆಸೀಮೆಯವರು ಪರದೆ ಬಿಡಬಾರದು. ಯಾವ ಜ್ವರವೇ ಆಗಲಿ, ರಕ್ತ ತೋರಿಸುವ ಮುಂಚೆ ಮೈಕೈ ನೋವಿಗೆಂದು ಅಂಗಡಿಯಲ್ಲಿ ಸಿಕ್ಕ ನೋವಿನ ಗುಳಿಗೆ ನುಂಗಬೇಡಿ. ಡೆಂಗಿಯಾಗಿದ್ದರೆ ಕೆಲವು ಗುಳಿಗೆಗಳು ರಕ್ತಸ್ರಾವ ಹೆಚ್ಚಿಸುತ್ತವೆ. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು, ಉಳಿದದ್ದು ಡಾಕ್ಟರಿಗೆ ಬಿಡಬೇಕು.

ಇನ್ನು ಕುಡಿಯುವ ಕೊಡ. ನಳದಲ್ಲಿ ಬರುವತನಕ ನೀರು ಸರಿಯಿದ್ದರೂ ಮನೆಯೊಳಗೆ ಬಂದ ಮೇಲೆ ಕೆಡುವುದುಂಟು. ಹೊರಗಿಂದ ಆಡಿ ಬಂದ ಹುಡುಗ ಚರಗಿಯನ್ನು ಕೊಡಕ್ಕೆ ಅದ್ದುತ್ತಾನೆ. ಚರಗಿಯ ಜೊತೆ ನಾಲ್ಕು ಬೆರಳೂ ನೀರಿಗೆ ಇಳಿಯುತ್ತವೆ. ಎಮ್ಮೆಯ ಮೈ ಮುಟ್ಟಿದ ಕೈ, ಕೂಸಿನ ಕುಂಡಿ ತೊಳೆದ ಕೈ, ಎಲ್ಲ ಅದೇ ಕೊಡಕ್ಕೆ. ಉದ್ದ ಹಿಡಿಯ ಹುಟ್ಟು ಅಥವಾ ಕೆಳಗೆ ನಲ್ಲಿ ಇರುವ ಪಾತ್ರೆ ಇಟ್ಟರೆ ಈ ದಾರಿ ಕಟ್ಟಾಗುತ್ತದೆ. ದೊಡ್ಡಕ್ಕನ ಮನೆಯಲ್ಲಿ ತಾಮ್ರದ ಕೊಡ, ಅದರ ಪಕ್ಕ ಗೋಡೆಯ ಮೊಳೆಗೆ ನೇತುಹಾಕಿದ ಹಿತ್ತಾಳೆಯ ಉದ್ದ ಸೌಟು. ಅದು ಆಕೆಯ ಅತ್ತೆಯ ಕಾಲದ್ದು. ಹಾಗೆಯೇ ತುಟಿಗೆ ತಾಗಿಸದೆ ಎತ್ತಿ ಕುಡಿಯುವ ರೂಢಿ. ಅದನ್ನು ಮಡಿಮೈಲಿಗೆಯ ಹೆಸರಲ್ಲಿ ಒಬ್ಬರನ್ನು ದೂರವಿಡಲು ಬಳಸಿದ್ದು ಅನ್ಯಾಯ. ಎಂಜಲು ಹರಡದಂತೆ ಎಲ್ಲರೂ ಒಂದೇ ರೀತಿ ಎತ್ತಿ ಕುಡಿಯುವುದು ಒಳ್ಳೆಯ ಪದ್ಧತಿ.

ರಾಯಚೂರು ನಗರದಲ್ಲಿ 2022ರ ಮೇ, ಜೂನ್ ತಿಂಗಳಲ್ಲಿ ನಳದ ನೀರು ಕೆಟ್ಟು ವಾಂತಿಭೇದಿ ಹಬ್ಬಿತು, ಜನ ಸತ್ತರು. ಎರಡು ಹೊಳೆಗಳ ನಡುವಿನ ಊರಿನಲ್ಲಿ ಕುಡಿಯುವ ನೀರೇ ಜೀವ ತೆಗೆಯಿತು ಎಂಬುದು ಇಂದಿಗೂ ನನ್ನ ಎದೆಗೆ ಚುಚ್ಚುತ್ತದೆ. ಅಂಥ ಸುದ್ದಿ ಬಂದಾಗ, ಪೈಪು ಒಡೆದಾಗ, ಹೊಸ ಮಳೆಗೆ ನೀರು ಕೆಂಪಾಗಿ ಬಂದಾಗ ಶೋಧಿಸಿ ಕುದಿಸಲೇಬೇಕು. ಕುದಿಸುವುದೆಂದರೆ ಬೆಚ್ಚಗೆ ಮಾಡುವುದಲ್ಲ. ಕೊತಕೊತ ಎಂದು ಗುಳ್ಳೆ ಎದ್ದ ಮೇಲೆ ಒಂದು ನಿಮಿಷವಾದರೂ ಬಿಟ್ಟು ಇಳಿಸಿ, ಅದೇ ಪಾತ್ರೆಯಲ್ಲೇ ಮುಚ್ಚಿ ಆರಿಸಬೇಕು. ಬೇರೆ ಕೊಡಕ್ಕೆ ಸುರಿದು, ಅದಕ್ಕೆ ಮತ್ತೆ ಕೈ ಅದ್ದಿದರೆ ಸುಟ್ಟ ಗ್ಯಾಸೂ ವ್ಯರ್ಥ. ಕೆಲವು ವರ್ಷ ಜಲಾಶಯದ ನೀರು ಪಾಚಿಯಿಂದ ಹಸಿರುಗಟ್ಟುತ್ತದಲ್ಲ, ಆಗ ಕುದಿಸಿದರೂ ಭರವಸೆಯಿಲ್ಲ. ಪಾಚಿಯಲ್ಲಿ ವಿಷವಿದ್ದರೆ ಅದು ಕುದಿಗೆ ಹೋಗುವುದಿಲ್ಲ. ಹುಣ್ಣಿಮೆಗೆ ಹುಲಿಗಿಯ ಅಮ್ಮನ ದರ್ಶನಕ್ಕೆ ಬರುವವರಿಗೂ ನನ್ನದೊಂದು ಬೇಡಿಕೆ: ಹೊಳೆಯಲ್ಲಿ ಮಿಂದು ಏಳಿ, ಆದರೆ ಅಲ್ಲೇ ಬಾಟಲಿ ತುಂಬಿ ಕೂಸುಗಳಿಗೆ ಕುಡಿಸಬೇಡಿ.

ವಾಂತಿಭೇದಿ ಶುರುವಾದರೆ ಹೊಟ್ಟೆಗೆ ಏನೂ ಕೊಡಬಾರದು ಎನ್ನುವ ಮಾತು ಇನ್ನೂ ನಮ್ಮಲ್ಲಿ ಜೀವಂತ. ಅದು ಜೀವಕ್ಕೇ ಕುತ್ತು. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರ ಶಿಬಿರದಲ್ಲಿ, ಬಂಗಾಳದ ಬನಗಾಂವದಲ್ಲಿ, ಕಾಲರಾ ಬಡಿದು ಸಲೈನ್ ಬಾಟಲಿ ತೀರಿಹೋದಾಗ ಡಾ. ದಿಲೀಪ್ ಮಹಾಲನಬಿಸ್ ಉಪ್ಪು ಗ್ಲೂಕೋಸಿನ ನೀರನ್ನು ಡ್ರಮ್ಮುಗಳಲ್ಲಿ ಕಲಸಿಟ್ಟು, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ಸಾಯುವವರ ಸಂಖ್ಯೆ ಥಟ್ಟನೆ ಇಳಿಯಿತು. ಸರ್ಕಾರ ಅವರಿಗೆ ಪದ್ಮವಿಭೂಷಣ ಕೊಟ್ಟದ್ದು 2023ರಲ್ಲಿ, ಅವರು ತೀರಿಕೊಂಡ ಮೇಲೆ. ಓಆರ್‌ಎಸ್ ಪೊಟ್ಟಣ ಆಶಾ ಹತ್ತಿರ, ಅಂಗನವಾಡಿಯಲ್ಲಿ ಸಿಗುತ್ತದೆ. ಇಲ್ಲದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು, ಎರಡೂ ಮಟ್ಟಸವಾಗಿ. ಉಪ್ಪು ಹೆಚ್ಚಾಗಬಾರದು. ಗುಟುಕು ಗುಟುಕಾಗಿ ಕುಡಿಸುತ್ತ ಆಸ್ಪತ್ರೆಯ ದಾರಿ ಹಿಡಿಯಿರಿ.

ದೊಡ್ಡಕ್ಕನ ತವರು ಯಲಬುರ್ಗಾ ತಾಲೂಕು. ಆಕೆಯ ತಮ್ಮ ಬಂದಾಗ ನಕ್ಕರೆ ಹಲ್ಲಿನ ಮೇಲೆ ಕಂದು ಪಟ್ಟೆ ಕಾಣುತ್ತದೆ, ಹಲ್ಲಿಗೆ ಅಡ್ಡಡ್ಡ ಗೆರೆ ಎಳೆದಂತೆ. ಮದುವೆಗೆ ಹೆಣ್ಣು ನೋಡಲು ಹೋದ ಕಡೆಯಲ್ಲೆಲ್ಲ ಆತ ಬಾಯಿಗೆ ಟವೆಲ್ ಅಡ್ಡ ಹಿಡಿದು ಮಾತಾಡಿದ್ದನಂತೆ.

"ಇದ್ದಲಿ ಹಚ್ಚಿದ, ಇಟ್ಟಂಗಿ ಪುಡಿ ಹಚ್ಚಿದ, ವಸಡಿ ಕಿತ್ತು ರಕ್ತ ಬಂತು. ಕಲಿ ಹೋಗಲಿಲ್ಲ ತಂಗಿ."

"ಅದು ಮ್ಯಾಲಿನ ಕಲಿ ಅಲ್ರೀ ಯಕ್ಕಾ. ಹಲ್ಲು ಒಸಡಿನೊಳಗ ಬೆಳಿಯೂ ಮುಂದ ಆಗಿದ್ದು."

ಈ ಸೀಮೆಯ ಕಲ್ಲುಗುಡ್ಡಗಳು ನೋಡಲು ಎಷ್ಟು ಚಂದ! ಆ ಗ್ರಾನೈಟಿನೊಳಗೇ ಫ್ಲೋರೈಡ್ ಇದೆ. ಬೋರು ಆಳಕ್ಕಿಳಿದಷ್ಟೂ ಕಲ್ಲಿನ ಸಂದಿಯಲ್ಲಿ ಬಹುಕಾಲ ನಿಂತ ನೀರು ಮೇಲೆ ಬರುತ್ತದೆ, ಜೊತೆಗೆ ಅದೂ. ಒಂದು ಲೀಟರಿಗೆ 1 ಮಿಲಿಗ್ರಾಂವರೆಗೆ ಇರಬಹುದು, ಬೇರೆ ದಾರಿಯೇ ಇಲ್ಲವೆಂದರೆ 1.5, ಅದಕ್ಕಿಂತ ಮೀರಬಾರದು ಎಂಬುದು ನಮ್ಮ ದೇಶದ ನಿಯಮ. ಮೀರಿದ ನೀರನ್ನು ವರ್ಷಾನುಗಟ್ಟಲೆ ಕುಡಿದರೆ ಮೊದಲು ಮಕ್ಕಳ ಹಲ್ಲು, ಆಮೇಲೆ ದೊಡ್ಡವರ ಕೀಲು, ಬೆನ್ನೆಲುಬು. ನಮ್ಮ ದೇಶದಲ್ಲಿ ಇದನ್ನು ಮೊದಲು ಗುರುತಿಸಿದ್ದು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ. ಬಾಗಿದ ಬೆನ್ನನ್ನು ನೆಟ್ಟಗೆ ಮಾಡುವ ಔಷಧಿ ಇವತ್ತಿಗೂ ಇಲ್ಲ. ಆದ್ದರಿಂದ ಬರದಂತೆ ನೋಡಿಕೊಳ್ಳುವುದೊಂದೇ ದಾರಿ.

ಇಲ್ಲಿಯೇ ಜನ ಎಡವುವುದು. ನೀರು ಕೆಟ್ಟದ್ದು ಎಂದರೆ ಕುದಿಸುತ್ತಾರೆ. ಕುದಿಸಿದರೆ ರೋಗದ ಹುಳು ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದು ಇನ್ನಷ್ಟು ಗಟ್ಟಿಯಾಗುತ್ತದೆ. ಬಟ್ಟೆಯಲ್ಲಿ ಸೋಸಿದರೂ ಅಷ್ಟೇ. ನಾಗಪುರದ ನೀರಿ ಸಂಸ್ಥೆಯವರು ಸುಣ್ಣ, ಪಟಕ ಹಾಕಿ ಕದಡಿ ತಳಕ್ಕೆ ಕೂರಿಸುವ ವಿಧಾನ ಕಂಡುಹಿಡಿದು ಅದಕ್ಕೆ ನಲ್ಗೊಂಡದ ಹೆಸರಿಟ್ಟರು. ಈಗ ಊರೂರಿಗೆ ಶುದ್ಧ ನೀರಿನ ಘಟಕ ಬಂದಿವೆ, ನಾಣ್ಯ ಹಾಕಿದರೆ ಕ್ಯಾನು ತುಂಬುತ್ತದೆ. ಸರಿಯಾಗಿ ನಡೆಯುವ ಘಟಕದ ನೀರಿನಲ್ಲಿ ಫ್ಲೋರೈಡ್ ಬಹುಪಾಲು ಹೋಗಿರುತ್ತದೆ. ಆದರೆ ಕುಡಿಯಲು ಮಾತ್ರ ಫಿಲ್ಟರ್ ನೀರು ತಂದು, ಅನ್ನಕ್ಕೆ, ಬೇಳೆಗೆ, ಚಹಾಕ್ಕೆ ಬೋರಿನ ನೀರನ್ನೇ ಹಾಕುವ ಮನೆಗಳು ಬಹಳ. ಅನ್ನ ಹೀರಿಕೊಂಡ ನೀರೂ ಹೊಟ್ಟೆಗೇ ಹೋಗುತ್ತದೆ. ಮನೆಗೆ ಎರಡು ಕ್ಯಾನು ತರಲಾಗದಿದ್ದರೆ ಮೊದಲ ಪಾಲು ಬಸುರಿಗೆ ಮತ್ತು ಎಂಟು ವರ್ಷದೊಳಗಿನ ಮಕ್ಕಳಿಗೆ, ಅವರ ಅಡುಗೆಗೂ ಸೇರಿಸಿ.

ಮಳೆನೀರಿನ ಮಾತು ತೆಗೆದರೆ ದೊಡ್ಡಕ್ಕ, "ಮಳಿನ ಆಗಂಗಿಲ್ಲ, ಹಿಡಿಯೂದೇನ?" ಅನ್ನುತ್ತಾಳೆ. ಲೆಕ್ಕ ಹಾಕಿ ನೋಡಿ. ಸಾವಿರ ಚದರಡಿಯ ಆರ್‌ಸಿಸಿ ಮಾಳಿಗೆಯ ಮೇಲೆ ವರ್ಷಕ್ಕೆ 500 ಮಿಲಿಮೀಟರ್ ಮಳೆ ಬಿದ್ದರೆ 46 ಸಾವಿರ ಲೀಟರ್. ಅರ್ಧ ಸೋರಿಹೋದರೂ ಐದು ಜನರ ಮನೆಗೆ ಕುಡಿಯಲು, ಅಡುಗೆಗೆ ವರ್ಷವಿಡೀ ಸಾಕಾಗಿ ಮಿಗುತ್ತದೆ. ಮೊದಲ ಮಳೆಯ ಕೊಳೆ ಹೊರಗೆ ಬಿಟ್ಟು, ಮರಳು ಇದ್ದಿಲಿನಲ್ಲಿ ಸೋಸಿ, ಬೆಳಕು ಬೀಳದ ಮುಚ್ಚಿದ ಟಾಕಿಯಲ್ಲಿ ಹಿಡಿದ ನೀರು. ಅದರಲ್ಲಿ ಫ್ಲೋರೈಡಿನ ಭಯವಿಲ್ಲ. ಕುಡಿಯುವ ಮುಂಚೆ ಕುದಿಸಿಕೊಂಡರಾಯಿತು. ಊರಿನ ಬೋರಿನ ನೀರನ್ನು ಪರೀಕ್ಷೆಗೆ ಕೊಡಿಸಿ, ಬಂದ ಅಂಕಿಯನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿಸಬೇಕು.

ಊಟದ ಸುದ್ದಿ ಹೆಚ್ಚು ಬೆಳೆಸುವುದಿಲ್ಲ, ನಮ್ಮವರಿಗೆ ಗೊತ್ತಿದ್ದದ್ದೇ. ಜೋಳದ ರೊಟ್ಟಿ, ಪುಂಡಿಪಲ್ಯೆ, ಹೆಸರುಕಾಳು, ಗುರೆಳ್ಳು ಚಟ್ನಿ, ಮಜ್ಜಿಗೆ ಇದ್ದ ತಾಟಿಗೆ ಇನ್ನೇನು ಬೇಕು? ಕಾಲುವೆ ಬಂದು ಗಂಗಾವತಿ ಕಡೆ ಭತ್ತ ತುಂಬಿದ ಮೇಲೆ ಮೂರು ಹೊತ್ತೂ ಅನ್ನ ಉಣ್ಣುವ ಮನೆ ಹೆಚ್ಚಾದವು, ಗದ್ದೆಯ ಕೆಲಸ ಯಂತ್ರಕ್ಕೆ ಹೋಯಿತು, ಉಂಡದ್ದು ಕರಗುವ ದಾರಿ ಕಡಿಮೆಯಾಯಿತು. ದೇಶದಲ್ಲಿ ಹತ್ತು ಕೋಟಿ ಮಂದಿಗೆ ಸಕ್ಕರೆ ಕಾಯಿಲೆ ಇದೆಯೆಂದು ಐಸಿಎಂಆರ್ ಆರ್ಥಿಕ ನೆರವಿನ ಸಮೀಕ್ಷೆ 2023ರಲ್ಲಿ ತಿಳಿಸಿತು. ರಾತ್ರಿ ಒಂದು ಹೊತ್ತಾದರೂ ರೊಟ್ಟಿಗೆ ಮರಳಿದರೆ, ಸಂಜೆ ಡ್ಯಾಮಿನ ರಸ್ತೆಯಲ್ಲಿ ಜೋರಾಗಿ ನಡೆದರೆ, ಮೂವತ್ತು ದಾಟಿದವರು ವರ್ಷಕ್ಕೊಮ್ಮೆ ಬಿಪಿ, ಶುಗರ್ ನೋಡಿಸಿಕೊಂಡರೆ ಬಹಳಷ್ಟಾಯಿತು.

ನನಗೆ ಹೆಚ್ಚು ನೋವು ಕೊಡುವುದು ಕುಡಿಯದೇ ಬಿಟ್ಟ ನೀರು. ನಾಟಿಯ ಹಂಗಾಮಿನಲ್ಲಿ ಹೆಣ್ಣುಮಕ್ಕಳು ನಸುಕಿನಲ್ಲೇ ಟಂಟಂನಲ್ಲಿ ಇಕ್ಕಟ್ಟಾಗಿ ಕೂತು ಗದ್ದೆಗೆ ಹೋಗುತ್ತಾರೆ. ದಿನವಿಡೀ ಮೊಣಕಾಲುದ್ದ ನೀರಿನಲ್ಲಿ ಬಗ್ಗಿ ನಿಂತವರು ತಾವು ಮಾತ್ರ ಬಾಯಾರಿಕೊಂಡೇ ಇರುತ್ತಾರೆ. ಒಬ್ಬಾಕೆಯನ್ನು ದೊಡ್ಡಕ್ಕನೇ ಗೋಡೆಯ ಹತ್ತಿರ ಕರೆದು ತಂದಿದ್ದಳು, ಉರಿಮೂತ್ರ, ಕಿಬ್ಬೊಟ್ಟೆ ನೋವು, ಚಳಿಜ್ವರ.

"ನೀರು ಎಷ್ಟು ಕುಡೀತಿ ಯವ್ವಾ?"

"ಮುಂಜಾನಿ ಒಂದು ಚರಗಿ ಕುಡುದು ಹೊಕ್ಕೀನ್ರಿ. ಆಮ್ಯಾಲ ಮನಿಗೆ ಬಂದ ಮ್ಯಾಲನ. ಕುಡುದ್ರ ಒಂದಕ್ಕ ಬರ್ತೈತಿ. ಎಲ್ಲಿ ಹೋಗೂದ್ರಿ? ಸುತ್ತ ಬಯಲು, ಬದುವಿನ ಮ್ಯಾಲ ಗಂಡಸ್ರು."

ಆಕೆ ಹೇಳಿದ್ದರಲ್ಲಿ ನಾಚಿಕೆಯೂ ಇರಲಿಲ್ಲ, ದೂರೂ ಇರಲಿಲ್ಲ. ಎಲ್ಲರೂ ಹಾಗೆಯೇ ಮಾಡುತ್ತಾರೆ ಎಂಬ ಧ್ವನಿ ಇತ್ತು. ನೀರು ಕಡಿಮೆ ಕುಡಿದು, ಬಂದದ್ದನ್ನು ತಡೆದುಕೊಂಡರೆ ಮೂತ್ರದ ದಾರಿಯಲ್ಲಿ ಸೋಂಕು ಕೂರುತ್ತದೆ, ಮೇಲೇರಿದರೆ ಕಿಡ್ನಿಗೆ ಹೊಡೆತ, ಕಲ್ಲೂ ಆಗಬಹುದು. ಬಸುರಿಯಾದರೆ ದಿನ ತುಂಬುವ ಮುಂಚೆ ಹೆರಿಗೆಯ ಭಯ. ಮೂತ್ರ ತಿಳಿಹಳದಿ ಇದ್ದರೆ ಮೈಯಲ್ಲಿ ನೀರು ಸಾಕಷ್ಟಿದೆ, ಗಾಢ ಹಳದಿಯಾದರೆ ಸಾಲದು ಎಂದು ತಿಳಿಯಬೇಕು. ಹೈಸ್ಕೂಲಿನ ಹುಡುಗಿಯರದೂ ಇದೇ ಪಾಡು. ಶೌಚಾಲಯ ಇದ್ದರೂ ಒಳಗೆ ನೀರಿಲ್ಲ, ಬಾಗಿಲಿಗೆ ಚಿಲಕವಿಲ್ಲ. ಅವರೂ ಬಾಟಲಿ ತುಂಬಿಕೊಂಡು ಹೋಗಿ ತುಂಬಿದ್ದನ್ನೇ ವಾಪಸ್ ತರುತ್ತಾರೆ. ನೀರು ಕುಡಿಯಮ್ಮ ಎಂದು ಅವರಿಗೆ ಉಪದೇಶ ಮಾಡುವ ಮುಂಚೆ ಹೋಗಲು ಒಂದು ಮರೆ ಮಾಡಿಕೊಡಬೇಕಾದವರು ನಾವು ದೊಡ್ಡವರು.

ದೊಡ್ಡಕ್ಕ ಅವತ್ತು ಬಹಳ ಹೊತ್ತು ಸಿಟ್ಟಿನಲ್ಲಿದ್ದಳು. ಆಮೇಲೆ ಗೋಡೆಗೆ ಮೊಣಕೈ ಊರಿ ಕೇಳಿದಳು:

"ಗುತ್ತಿ ಹಿಡದಾಕಿಗೆ ಹೇಳಿದ್ರ ಆಕೈತೇನ? ನಾಕು ಗಳ, ಎರಡು ಹಳೆ ಸೀರಿ. ಬದುವಿನ ಮ್ಯಾಲ ಒಂದು ಮರಿ ಕಟ್ಟಾಕ ಎಷ್ಟೊತ್ತು ಬೇಕು?"

"ಗದ್ದಿ ಮಾಲಕರೂ ಒಪ್ಪಬೇಕಲ್ರೀ ಯಕ್ಕಾ."

"ಒಪ್ಪದ ಏನ ಮಾಡ್ತಾರ? ನಾಟಿ ಹಚ್ಚೂ ಕೈ ಯಾರವು? ಮಂಗಳವಾರ ಸಂಘದ ಸಭಾ ಐತಿ, ನೀನೂ ಬಾ. ನಾ ಗಳದ ಮಾತು ಎತ್ತತೀನಿ, ನೀ ಸಾಲಿ ಹುಡುಗ್ಯಾರ ಪಾಯಖಾನಿ ಚಿಲಕದ ಮಾತು ಎತ್ತು. ಎರಡೂ ಒಂದ ಅರ್ಜಿಯಾಗ ಬರದು, ಎಲ್ಲಾರ ಕಡೆ ಸೈ ಹಾಕಿಸಿ ಪಂಚಾಯ್ತಿಗೆ ಕೊಡೂಣು."